ದರಬಾರಿನಿಂದ ಜನಸಭೆಗೆ : ಉಸ್ತಾದ್ ಅಬ್ದುಲ್ ಕರೀಂ ಖಾನರ ಬದುಕು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಿಂದೂಸ್ತಾನೀ ಸಂಗೀತದ ಖಯಾಲ್ ಗಾಯನವು ಬಹು ಕಿರಿದಾದ ಒಂದು ವಲಯಕ್ಕೆ ಸೀಮಿತವಾಗಿತ್ತು. ಸಂಸ್ಥಾನಿಕರ ದರಬಾರು, ಸರದಾರರ ವಾಡೆ, ಶ್ರೀಮಂತ ವರ್ತಕರ ದಿವಾನಖಾನೆ, ಗಾಯಕಿಯರ ಮನೆಗಳ ಬೈಠಕು - ಇಷ್ಟೇ ಅದರ ನೆಲೆಗಳು. ಕೇಳುವವರ ಸಂಖ್ಯೆ ಅಲ್ಪವಾಗಿದ್ದಂತೆ ಕಲಿಯುವವರ ಸಂಖ್ಯೆಯೂ ಅಲ್ಪವೇ. ವಿದ್ಯೆಯು ತಂದೆಯಿಂದ ಮಗನಿಗೆ, ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ಸಾಗುತ್ತಿತ್ತು. ಅಪರೂಪದ ಚೀಜುಗಳನ್ನು ಹೊರಗಿನವರ ಕಿವಿಗೆ ಬೀಳದಂತೆ ಕಾಪಾಡುವುದು ಘರಾಣೆಯ ಮರ್ಯಾದೆಯೆಂದೇ ಭಾವಿಸಲಾಗಿತ್ತು. 1857ರ ನಂತರ ದಿಲ್ಲಿ, ಲಖನೌಗಳ ಆಶ್ರಯ ಕಳೆದುಹೋಗಿ ಕಲಾವಿದರು ಗ್ವಾಲಿಯರ, ಬಡೋದೆ, ಕೊಲ್ಲಾಪುರ, ಮೈಸೂರುಗಳಂಥ ಸಂಸ್ಥಾನಗಳತ್ತ ಮುಖಮಾಡಿದರು. ಅದೇ ಹೊತ್ತಿಗೆ ಮುಂಬಯಿ, ಪುಣೆಗಳಲ್ಲಿ ವಕೀಲರು, ಶಿಕ್ಷಕರು, ಗುಮಾಸ್ತರು ಸೇರಿದ ಹೊಸದೊಂದು ಶ್ರೋತೃವರ್ಗ ರೂಪುಗೊಳ್ಳುತ್ತಿತ್ತು. ಅವರ ಸಂಗೀತದ ಹಸಿವನ್ನು ಮುಖ್ಯವಾಗಿ ತಣಿಸುತ್ತಿದ್ದುದು ಮರಾಠೀ ರಂಗಭೂಮಿಯ ಹಾಡುಗಳು. ಖಯಾಲ್ ಗಾಯನ ಅವರ ಪಾಲಿಗೆ ದೂರದ ವೈಭವವಾಗಿಯೇ ಉಳಿದಿತ್ತು.

ಈ ಎರಡು ಲೋಕಗಳ ನಡುವಣ ಅಂತರವನ್ನು ತುಂಬಲು ಮೂವರು ಮಹನೀಯರು ಮೂರು ಬಗೆಯಲ್ಲಿ ಶ್ರಮಿಸಿದರು. ವಿಷ್ಣು ನಾರಾಯಣ ಭಾತಖಂಡೆಯವರು ಗ್ರಂಥ ಮತ್ತು ಸ್ವರಲಿಪಿಯ ಮಾರ್ಗವನ್ನು ಹಿಡಿದರು. ವಿಷ್ಣು ದಿಗಂಬರ ಪಲೂಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ ಶಾಲೆ ಮತ್ತು ಭಜನೆಯ ಮಾರ್ಗವನ್ನು ತೆರೆದರು. ಇವರಿಬ್ಬರೂ ಆಧುನಿಕ ಚಿಂತನೆಯ ಗಾಳಿಗೆ ಒಡ್ಡಿಕೊಂಡ ಮಹಾರಾಷ್ಟ್ರದ ವಿದ್ಯಾವಂತರು. ಮೂರನೆಯವರು ಘರಾಣೆಯ ಒಳಗಿನಿಂದಲೇ ಹೊರಬಂದ ಉಸ್ತಾದ್ ಅಬ್ದುಲ್ ಕರೀಂ ಖಾನರು. ಅವರ ಹಿಂದೆ ಗ್ರಂಥವಿರಲಿಲ್ಲ, ವಿದ್ಯಾವಂತ ಸಮಾಜದ ಬೆಂಬಲವೂ ಮೊದಲಿಗೆ ಇರಲಿಲ್ಲ. ಇದ್ದುದು ಒಂದು ಕಂಠ. ಆ ಕಂಠವನ್ನು ಬಹುಜನರಿಗೆ ಮುಟ್ಟಿಸುವ ದಾರಿಯಲ್ಲಿ ಅವರು ಏನನ್ನು ಬದಲಿಸಿದರು, ಏನನ್ನು ಬಿಡಲಿಲ್ಲ, ಅದಕ್ಕಾಗಿ ಯಾವ ಬೆಲೆ ತೆತ್ತರು ಎಂಬುದು ಅವರ ಜೀವನಚರಿತ್ರೆಯ ತಿರುಳಾಗಿದೆ.

ಖಾನ್‌ಸಾಹೇಬರು 1872ರ ನವೆಂಬರ್ 11ರಂದು ಇಂದಿನ ಉತ್ತರಪ್ರದೇಶದ ಕೈರಾನಾ ಎಂಬ ಊರಿನಲ್ಲಿ ಜನಿಸಿದರು. ಈ ಊರಿನ ಹೆಸರೇ ಮುಂದೆ ಕಿರಾನಾ ಘರಾಣೆಯ ಹೆಸರಾಯಿತು. ತಂದೆ ಕಾಲೇ ಖಾನ್. ಚಿಕ್ಕಪ್ಪ ಅಬ್ದುಲ್ಲಾ ಖಾನ್. ಇಬ್ಬರಿಂದಲೂ ಬಾಲಕನಿಗೆ ತಾಲೀಮು ದೊರೆಯಿತು. ಮನೆತನದ ವಾದ್ಯ ಸಾರಂಗಿ. ಅಂದಿನ ಸಂಗೀತಲೋಕದ ಶ್ರೇಣಿಯಲ್ಲಿ ಸಾರಂಗಿಯವರಿಗೆ ಗಾಯಕರಿಗೆ ಸಮನಾದ ಮನ್ನಣೆಯಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಆದರೆ ಆ ವಾದ್ಯದ ಅಭ್ಯಾಸವೇ ಅವರ ಗಾಯನಕ್ಕೆ ವಿಶಿಷ್ಟವಾದ ಗುಣವನ್ನು ತಂದುಕೊಟ್ಟಿತು. ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವಾಗ ನಡುವೆ ಎಲ್ಲಿಯೂ ತುಂಡಾಗದ ನಾದ, ಪ್ರತಿಯೊಂದು ಸ್ವರದ ಮೇಲೂ ನೆಲೆನಿಂತು ಅದರ ಸೂಕ್ಷ್ಮ ಛಾಯೆಗಳನ್ನು ತೋರುವ ತಾಳ್ಮೆ - ಇವು ಕಮಾನಿನಿಂದ ಕಂಠಕ್ಕೆ ಬಂದ ಗುಣಗಳು. ಬೀನಿನ ಪರಂಪರೆಯ ಗಂಭೀರವಾದ ಆಲಾಪವೂ ಅವರ ಶೈಲಿಗೆ ಆಧಾರವಾಯಿತು.

ಯೌವನದಲ್ಲಿ ಖಾನ್‌ಸಾಹೇಬರು ತಮ್ಮನಾದ ಅಬ್ದುಲ್ ಹಕ್‌ರೊಡನೆ ಬಡೋದೆಗೆ ಬಂದು ಮಹಾರಾಜ ಸಯಾಜಿರಾವ್ ಗಾಯಕವಾಡರ ಆಸ್ಥಾನದಲ್ಲಿ ಗಾಯಕರಾದರು. ಒಬ್ಬ ತರುಣ ಗಾಯಕನಿಗೆ ಇದಕ್ಕಿಂತ ಭದ್ರವಾದ ನೆಲೆ ಬೇರೊಂದಿರಲಿಲ್ಲ. ಆದರೆ ಅಲ್ಲಿಯೇ ಅವರ ಬದುಕು ತಿರುವು ಪಡೆಯಿತು. ರಾಜಮನೆತನದ ನಂಟಿದ್ದ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿಯವರಿಗೆ ಅವರು ಸಂಗೀತ ಕಲಿಸುತ್ತಿದ್ದರು. ಗುರುಶಿಷ್ಯರ ನಡುವೆ ಪ್ರೀತಿ ಬೆಳೆಯಿತು. ಮತ ಮತ್ತು ಅಂತಸ್ತುಗಳೆರಡನ್ನೂ ಮೀರಿದ ಈ ಸಂಬಂಧಕ್ಕೆ ಬಡೋದೆಯಲ್ಲಿ ಎಡೆಯಿರಲಿಲ್ಲ. ಶತಮಾನದ ಕೊನೆಯ ವರ್ಷಗಳಲ್ಲಿ ಇಬ್ಬರೂ ಊರು ತೊರೆದು ಮುಂಬಯಿಗೆ ಬಂದರು; ಅಲ್ಲಿಂದ ಮಿರಜಕ್ಕೆ ಹೋಗಿ ನೆಲಸಿದರು. ಆಸ್ಥಾನದ ಆಶ್ರಯ ಹೀಗೆ ಒಮ್ಮೆಲೇ ಕಡಿದುಹೋಯಿತು. ಖಾನ್‌ಸಾಹೇಬರು ಜನಸಾಮಾನ್ಯರತ್ತ ಹೊರಟದ್ದು ಮೊದಲಿಗೆ ಯಾವುದೋ ಆದರ್ಶದ ಪ್ರೇರಣೆಯಿಂದಲ್ಲ, ಸಂಸಾರ ಸಾಗಿಸಬೇಕಾದ ಅನಿವಾರ್ಯತೆಯಿಂದ ಎಂಬುದನ್ನು ಒಪ್ಪಿಕೊಳ್ಳಬೇಕು. ಅನಿವಾರ್ಯವಾಗಿ ಹಿಡಿದ ದಾರಿಯನ್ನು ಅವರು ಮುಂದೆ ಒಂದು ವ್ರತದಂತೆ ನಡೆಸಿದರು ಎಂಬುದು ಅವರ ಹಿರಿಮೆ.

ಮಿರಜವು ಅವರಿಗೆ ಹಲವು ವಿಧದಲ್ಲಿ ಒದಗಿಬಂದ ಊರು. ಪಟವರ್ಧನ ಸಂಸ್ಥಾನಿಕರ ಆ ಊರಿನಲ್ಲಿ ತಂಬೂರಿ ತಯಾರಿಸುವ ಕುಶಲಕರ್ಮಿಗಳಿದ್ದರು. ಶ್ರುತಿಯ ವಿಷಯದಲ್ಲಿ ಕಿಂಚಿತ್ತೂ ರಾಜಿಯಾಗದ ಖಾನ್‌ಸಾಹೇಬರಿಗೆ ಇದು ದೊಡ್ಡ ಅನುಕೂಲ. ಅಲ್ಲಿಯ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಸೇವೆ ಸಲ್ಲಿಸಿ ಕಠಿಣವಾದ ರೋಗದಿಂದ ಪಾರಾದರೆಂಬ ನಂಬಿಕೆ ಅವರನ್ನು ಆ ಊರಿಗೆ ಜೀವನಪರ್ಯಂತ ಬಿಗಿದಿಟ್ಟಿತು. ಎಲ್ಲಕ್ಕಿಂತ ಮಿಗಿಲಾಗಿ ಮಿರಜವು ರೈಲುಮಾರ್ಗಗಳು ಕೂಡುವ ಸ್ಥಳ. ಒಂದು ಕಡೆ ಪುಣೆ, ಇನ್ನೊಂದು ಕಡೆ ಕೊಲ್ಲಾಪುರ, ಮತ್ತೊಂದು ಕಡೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಒಬ್ಬನೇ ಒಡೆಯನನ್ನು ನಂಬಿ ಕುಳಿತುಕೊಳ್ಳುವ ಗಾಯಕನಿಗೆ ರೈಲು ಬೇಕಾಗಿರಲಿಲ್ಲ. ಊರೂರಿನ ಶ್ರೋತೃಗಳನ್ನು ಅರಸಿ ಹೊರಟ ಗಾಯಕನಿಗೆ ಅದು ಬೇಕಾಗಿತ್ತು.

ಈ ಪ್ರದೇಶದಲ್ಲಿ ಸಾರ್ವಜನಿಕರ ಮುಂದೆ ಖಯಾಲ್ ಹಾಡುವ ಪದ್ಧತಿಗೆ ಮೊದಲೇ ಒಂದು ವಿಚಿತ್ರವಾದ ಪೀಠಿಕೆ ಬಿದ್ದಿತ್ತು. ಗ್ವಾಲಿಯರ ಘರಾಣೆಯ ಮಹಾನ್ ಗಾಯಕ ರಹಮತ್ ಖಾನರು ಸರ್ಕಸ್ಸಿನ ಒಡೆಯ ವಿಷ್ಣುಪಂತ ಛತ್ರೆಯವರ ಆಶ್ರಯದಲ್ಲಿ ಊರೂರು ಸುತ್ತಿದ್ದರು. ಛತ್ರೆಯವರು ಸ್ವತಃ ರಹಮತ್ ಖಾನರ ತಂದೆ ಹದ್ದೂ ಖಾನರ ಶಿಷ್ಯರು. ರಹಮತ್ ಖಾನರ ತಾರಸಪ್ತಕದ ಮಾಧುರ್ಯಕ್ಕೆ ಮಾರುಹೋದ ಅಬ್ದುಲ್ ಕರೀಂ ಖಾನರು ತಮ್ಮ ಕಂಠವನ್ನು ಅದೇ ದಿಸೆಯಲ್ಲಿ ಪಳಗಿಸಿಕೊಂಡರು. ಅಬ್ಬರದ ತಾನುಗಳಿಗಿಂತ ಸ್ವರದ ಆರ್ದ್ರತೆಗೆ, ಲಯದ ಜಗ್ಗಾಟಕ್ಕಿಂತ ರಾಗದ ನಿಧಾನವಾದ ಬಢತ್‌ಗೆ ಅವರ ಗಾಯನದಲ್ಲಿ ಪ್ರಾಶಸ್ತ್ಯ ದೊರೆಯಿತು. ರಾಗಲಕ್ಷಣವನ್ನು ಅರಿಯದ ಶ್ರೋತೃವೂ ಆ ಗಾಯನದಲ್ಲಿ ಮನಸ್ಸು ನೆಡಬಹುದಾಗಿತ್ತು. ಅರಿತ ಶ್ರೋತೃವಿಗೆ ಅದರಲ್ಲಿ ಕೊರತೆ ಕಾಣುತ್ತಿರಲಿಲ್ಲ. ಬಹುಜನಪ್ರಿಯತೆಗೆ ಅವರು ಕಂಡುಕೊಂಡ ಉಪಾಯವು ಹೀಗೆ ಅವರ ಕಲೆಯ ಒಳಗಿನಿಂದಲೇ ಹುಟ್ಟಿದ್ದು.

ಕನ್ನಡನಾಡಿನೊಡನೆ ಅವರ ಸಂಬಂಧ ಈ ರೈಲುದಾರಿಯ ಫಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಿಂದ ಅವರಿಗೆ ಆಹ್ವಾನ ಬರುತ್ತಿತ್ತು. ಅಲ್ಲಿ ಸಂಗೀತರತ್ನ ಎಂಬ ಬಿರುದು ಸಂದಿತು. ಮಿರಜಕ್ಕೂ ಮೈಸೂರಿಗೂ ನಡುವೆ ಓಡಾಡುವಾಗ ಧಾರವಾಡ, ಹುಬ್ಬಳ್ಳಿಗಳ ಸೀಮೆಯಲ್ಲಿ ತಂಗುವುದು ವಾಡಿಕೆಯಾಯಿತು. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿಯವರ ಕರ್ನಾಟಕ ಶೈಲಿಯ ಗಾಯನವನ್ನು ಧಾರವಾಡದಲ್ಲಿ ಅವರು ಆದರದಿಂದ ಕೇಳುತ್ತಿದ್ದುದನ್ನು ಗಂಗೂಬಾಯಿಯವರು ನೆನಪಿಸಿಕೊಂಡಿದ್ದಾರೆ. ಕುಂದಗೋಳದ ನಾಡಿಗೇರ ವಾಡೆಯು ಅವರ ಪಾಲಿಗೆ ಇನ್ನೊಂದು ಮನೆಯಾಗಿತ್ತು. ಅಲ್ಲಿಯ ರಾಮಚಂದ್ರ ಎಂಬ ಕನ್ನಡದ ಹುಡುಗನನ್ನು ಅವರು ಶಿಷ್ಯನನ್ನಾಗಿ ಸ್ವೀಕರಿಸಿ ವರ್ಷಗಟ್ಟಲೆ ತಮ್ಮ ಬಳಿ ಇರಿಸಿಕೊಂಡು ತಾಲೀಮು ಕೊಟ್ಟರು. ಆ ಹುಡುಗನೇ ಮುಂದೆ ಸವಾಯಿ ಗಂಧರ್ವರೆಂದು ಪ್ರಖ್ಯಾತರಾದ ರಾಮಭಾವು ಕುಂದಗೋಳಕರ. ಘರಾಣೆಯ ವಿದ್ಯೆಯು ರಕ್ತಸಂಬಂಧದ ಗಡಿಯನ್ನೂ ಮತದ ಗಡಿಯನ್ನೂ ಭಾಷೆಯ ಗಡಿಯನ್ನೂ ಒಮ್ಮೆಗೇ ದಾಟಿದ ಘಟನೆಯಿದು.

ದಕ್ಷಿಣದ ಪ್ರವಾಸಗಳು ಖಾನ್‌ಸಾಹೇಬರನ್ನೂ ಬದಲಿಸಿದವು. ಉತ್ತರಾದಿ ಗಾಯಕರಲ್ಲಿ ಕರ್ನಾಟಕ ಸಂಗೀತವನ್ನು ಗಂಭೀರವಾಗಿ ಅಭ್ಯಸಿಸಿದ ಮೊದಲಿಗರಲ್ಲಿ ಅವರೊಬ್ಬರು. ತ್ಯಾಗರಾಜರ ಕೃತಿಗಳನ್ನು ಕಲಿತು ಹಾಡಿದರು. ಖರಹರಪ್ರಿಯ ರಾಗದ ಕೃತಿಯೊಂದು ಅವರ ಕಂಠದಲ್ಲಿ ಧ್ವನಿಮುದ್ರಿತವಾಗಿಯೂ ಉಳಿದಿದೆ. ಮೂಲತಃ ಕರ್ನಾಟಕ ಪದ್ಧತಿಯದಾದ ಆಭೋಗಿ ರಾಗವನ್ನು ಖಯಾಲಿನ ರೂಪದಲ್ಲಿ ಪ್ರಚುರಪಡಿಸಿದವರಲ್ಲಿ ಅವರು ಪ್ರಮುಖರು. ದಕ್ಷಿಣದ ಕಲ್ಪನಾಸ್ವರದ ಪ್ರಭಾವದಿಂದ ಖಯಾಲಿನ ನಡುವೆ ಸರಗಮ್ ಹಾಡುವ ರೂಢಿಯನ್ನು ಅವರು ಬೆಳೆಸಿದರು. ಇಂದು ಖಯಾಲಿನ ಸಹಜ ಅಂಗವೆನಿಸಿರುವ ಈ ರೂಢಿಯು ಅಂದಿನ ಸಂಪ್ರದಾಯಸ್ಥರಿಗೆ ಹಿಡಿಸಿರಲಿಲ್ಲ. ಹೊಸ ಶ್ರೋತೃಗಳ ಬಳಿಗೆ ಹೋದವನು ಅವರಿಗೆ ಕೊಡುವುದರ ಜೊತೆಗೆ ಅವರಿಂದ ಕಲಿಯಲೂಬೇಕು ಎಂಬ ವಿವೇಕ ಖಾನ್‌ಸಾಹೇಬರ ಈ ನಡೆಯಲ್ಲಿದೆ.

1913ರಲ್ಲಿ ಅವರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ಮುಸಲ್ಮಾನ ಉಸ್ತಾದರೊಬ್ಬರು ಬಹುಮಟ್ಟಿಗೆ ಹಿಂದೂ ವಿದ್ಯಾರ್ಥಿಗಳಿಗಾಗಿ ತೆರೆದ ಶಾಲೆಗೆ ಈ ಹೆಸರನ್ನಿಟ್ಟದ್ದು ಅರ್ಥಪೂರ್ಣವಾಗಿದೆ. ಪಲೂಸ್ಕರರ ವಿದ್ಯಾಲಯವು ತರಗತಿ, ಪಠ್ಯಕ್ರಮ, ಪರೀಕ್ಷೆಗಳನ್ನು ಒಳಗೊಂಡಿದ್ದರೆ ಖಾನ್‌ಸಾಹೇಬರದು ಗುರುಕುಲವೂ ಶಾಲೆಯೂ ಬೆರೆತ ವ್ಯವಸ್ಥೆ. ಬಡ ವಿದ್ಯಾರ್ಥಿಗಳಿಗೆ ಊಟ, ವಸತಿ, ತಾಲೀಮು ಎಲ್ಲವೂ ಗುರುವಿನ ಮನೆಯಲ್ಲಿಯೇ. ಇದರ ವೆಚ್ಚಕ್ಕೆ ಸಂಸ್ಥಾನದ ಅನುದಾನವಿರಲಿಲ್ಲ. ಟಿಕೀಟಿನ ಕಚೇರಿಗಳಿಂದ ಬಂದ ಹಣವೇ ಶಾಲೆಯ ಆಧಾರ. ಗುರುಗಳೊಡನೆ ಶಿಷ್ಯರೂ ವೇದಿಕೆಯೇರಿ ಹಾಡುತ್ತಿದ್ದರು. ಹಣ ಕೊಟ್ಟು ಒಳಬಂದ ಯಾವನೇ ಆಗಲಿ, ಅವನ ಜಾತಿ, ಅಂತಸ್ತುಗಳು ಯಾವುವೇ ಆಗಿರಲಿ, ಮಹಾರಾಜನು ಕೇಳುತ್ತಿದ್ದ ಅದೇ ದರಬಾರಿ, ಅದೇ ಮಾರವಾ ರಾಗಗಳನ್ನು ಕೇಳಬಹುದಾಗಿತ್ತು. ಸಂಗೀತದ ಸಾಮಾಜಿಕ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಕೆಲವು ವರ್ಷಗಳ ಬಳಿಕ ಶಾಲೆಯ ಚಟುವಟಿಕೆ ಮುಂಬಯಿಗೂ ಹಬ್ಬಿತು.

ಇದೇ ಕಾಲದಲ್ಲಿ ಖಾನ್‌ಸಾಹೇಬರು ಶಾಸ್ತ್ರಜ್ಞರ ಗಮನವನ್ನೂ ಸೆಳೆದರು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ ಮತ್ತು ಬ್ರಿಟಿಷ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಇಪ್ಪತ್ತೆರಡು ಶ್ರುತಿಗಳ ಸ್ಥಾನವನ್ನು ಅಳೆದು ನಿಶ್ಚಯಿಸುವ ಪ್ರಯತ್ನದಲ್ಲಿ ತೊಡಗಿದ್ದರು; ಅವರ ಪ್ರಯೋಗಗಳಿಗೆ ಆಧಾರವಾದದ್ದು ಅಬ್ದುಲ್ ಕರೀಂ ಖಾನರ ಕಂಠ. ಈ ಸಿದ್ಧಾಂತವನ್ನು ಭಾತಖಂಡೆಯವರು ಒಪ್ಪಲಿಲ್ಲ. 1916ರಲ್ಲಿ ಬಡೋದೆಯಲ್ಲಿ ನಡೆದ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಈ ವಿವಾದ ಬಹಿರಂಗವಾಗಿ ಚರ್ಚೆಗೆ ಬಂದಿತು. ಕ್ಲೆಮೆಂಟ್ಸ್ ರೂಪಿಸಿದ ಶ್ರುತಿ ಹಾರ್ಮೋನಿಯಮ್ ಅಲ್ಲಿ ಮನ್ನಣೆ ಪಡೆಯಲಿಲ್ಲ. ವಾದದಲ್ಲಿ ಯಾರು ಗೆದ್ದರೆಂಬುದಕ್ಕಿಂತ ಮುಖ್ಯವಾದದ್ದು ಬೇರೊಂದಿದೆ. ನಿರಕ್ಷರರೆಂದು, ಶಾಸ್ತ್ರವನ್ನರಿಯದವರೆಂದು ಉಸ್ತಾದರನ್ನು ಬದಿಗೆ ಸರಿಸುವ ಪ್ರವೃತ್ತಿ ಆಗಿನ ಸುಧಾರಣಾವಾದಿಗಳಲ್ಲಿ ಬಲವಾಗಿತ್ತು. ಅಂಥ ಸಂದರ್ಭದಲ್ಲಿ ಉಸ್ತಾದರೊಬ್ಬರು ತಮ್ಮ ಕಂಠವನ್ನೇ ಪ್ರಮಾಣವಾಗಿ ಮುಂದಿಟ್ಟು ಶಾಸ್ತ್ರಚರ್ಚೆಯಲ್ಲಿ ಪಾಲ್ಗೊಂಡರು. ಸಂಗೀತದ ಆಧುನಿಕತೆಯು ವಿದ್ಯಾವಂತ ಸುಧಾರಕರಿಂದ ಮಾತ್ರ ಬಂದಿತೆಂಬ ಗ್ರಹಿಕೆಗೆ ಅವರ ಬದುಕು ಒಂದು ತಿದ್ದುಪಡಿಯಾಗಿದೆ.

ಊರೂರು ತಿರುಗುವ ಬಾಳು, ಶಿಷ್ಯರಿಂದ ತುಂಬಿದ ಮನೆ, ನಿಶ್ಚಿತವಲ್ಲದ ವರಮಾನ - ಇವುಗಳ ನಡುವೆ ಸಂಸಾರದ ಭಾರ ಹೊತ್ತವರು ತಾರಾಬಾಯಿಯವರು. 1922ರಲ್ಲಿ ಅವರು ಐವರು ಮಕ್ಕಳೊಡನೆ ಖಾನ್‌ಸಾಹೇಬರಿಂದ ಬೇರೆಯಾದರು. ಮಕ್ಕಳು ತಾಯಿಯ ಕಡೆಯ ಹೆಸರುಗಳಿಂದ ಪರಿಚಿತರಾದರು : ಅಬ್ದುಲ್ ರಹಮಾನನು ಸುರೇಶಬಾಬು ಮಾನೆಯಾದನು, ಚಂಪಾಕಲಿಯು ಹೀರಾಬಾಯಿ ಬಡೋದೇಕರ್ ಆದಳು, ಕಿರಿಯ ಮಗಳು ಸಕೀನಾ ಸರಸ್ವತಿ ರಾಣೆಯಾದಳು. ಕೃಷ್ಣರಾವ್ ಮತ್ತು ಕಮಲಾಬಾಯಿ ಉಳಿದಿಬ್ಬರು. ನೂರಾರು ಅಪರಿಚಿತರ ಮನೆಮಾತಾಗುತ್ತಿದ್ದ ಗಾಯಕನಿಗೆ ತನ್ನ ಮಕ್ಕಳ ಹೆಸರಿನಲ್ಲಿಯೇ ಸ್ಥಾನವಿಲ್ಲದಾಯಿತು. ಖಾನ್‌ಸಾಹೇಬರು ಮಿರಜದಲ್ಲಿ ನೆಲೆನಿಂತು ತಮ್ಮ ಶಿಷ್ಯೆ ಬಾನೂಬಾಯಿ ಲಾಟಕರರೊಡನೆ ಮುಂದಿನ ಜೀವನ ಸಾಗಿಸಿದರು. ಆದರೆ ವಿದ್ಯೆ ಮಾತ್ರ ಆ ಮಕ್ಕಳಲ್ಲಿ ಬತ್ತಲಿಲ್ಲ. ಸುರೇಶಬಾಬು ಶ್ರೇಷ್ಠ ಗಾಯಕರೂ ಗುರುಗಳೂ ಆದರು. ಹೀರಾಬಾಯಿಯವರು ಅದೇ ಘರಾಣೆಯ ಅಬ್ದುಲ್ ವಹೀದ್ ಖಾನರಿಂದ ತಾಲೀಮು ಪಡೆದು, ಸಾರ್ವಜನಿಕ ವೇದಿಕೆಯಲ್ಲಿ ಟಿಕೀಟಿನ ಕಚೇರಿ ನಡೆಸಿದ ಮೊದಲ ಮಹಿಳೆಯರಲ್ಲಿ ಒಬ್ಬರಾದರು. ತಂದೆ ತೆರೆದ ಬಾಗಿಲಿನಿಂದ ಮಗಳು ಇನ್ನೊಂದು ಹೆಜ್ಜೆ ಮುಂದೆ ಸಾಗಿದಳು.

ಕಚೇರಿಗೆ ಬರಲಾಗದ ಶ್ರೋತೃಗಳನ್ನು ಮುಟ್ಟಿದ್ದು ಗ್ರಾಮೋಫೋನು. ಅನೇಕ ಉಸ್ತಾದರು ಈ ಯಂತ್ರವನ್ನು ಸಂಶಯದಿಂದ ಕಾಣುತ್ತಿದ್ದ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ, ಖಾನ್‌ಸಾಹೇಬರು ಅದರ ಮುಂದೆ ಹಾಡಿದರು. ಮೂವತ್ತರ ದಶಕದ ನಡುವಿನಲ್ಲಿ ಓಡಿಯನ್ ಕಂಪನಿಗಾಗಿ ಹಾಡಿದ ಮುದ್ರಿಕೆಗಳು ಅವರ ಕೀರ್ತಿಯನ್ನು ದೇಶದ ಮೂಲೆಮೂಲೆಗೆ ಒಯ್ದವು. ತಾಸುಗಟ್ಟಲೆ ಬೆಳೆಸುವ ರಾಗವನ್ನು ಮೂರು ಮಿನಿಟುಗಳ ಸುಮಾರಿಗೆ ಮುಗಿಸಬೇಕಾದ ಇಕ್ಕಟ್ಟು ಅದು. ಖಾನ್‌ಸಾಹೇಬರು ಆ ಅಲ್ಪಾವಧಿಯನ್ನು ಚಮತ್ಕಾರಗಳಿಂದ ತುಂಬಲಿಲ್ಲ. ಷಡ್ಜದ ಮೇಲೆ ನಿಲ್ಲುವಷ್ಟು ಹೊತ್ತು ನಿಂತೇ ಮುಂದೆ ನಡೆದರು. ಬಸಂತ, ಶುದ್ಧಕಲ್ಯಾಣಗಳ ಖಯಾಲುಗಳೊಡನೆ ಜೋಗಿಯಾ, ಭೈರವಿ, ಝಿಂಝೋಟಿಗಳ ಠುಮರಿಗಳನ್ನೂ ಮರಾಠೀ ರಂಗಗೀತೆಗಳನ್ನೂ ಹಾಡಿದರು. ಹಗುರವೆಂದು ಪಂಡಿತರು ಕಡೆಗಣಿಸುತ್ತಿದ್ದ ಪ್ರಕಾರಗಳಿಗೆ ಅವರು ಖಯಾಲಿನಷ್ಟೇ ಶ್ರದ್ಧೆ ತೋರಿದರು. ಝಿಂಝೋಟಿಯ ಆ ಠುಮರಿಯನ್ನೇ ಕುಂದನಲಾಲ್ ಸೈಗಲ್‌ರು ಹಿಂದೀ ‘ದೇವದಾಸ್’ ಚಿತ್ರದಲ್ಲಿ ಹಾಡಿದಾಗ ಅದು ಸಿನಿಮಾ ಪ್ರೇಕ್ಷಕರ ನಾಲಗೆಗೂ ಬಂದಿತು. ಗದಗಿನ ಬಾಲಕನೊಬ್ಬನು ಖಾನ್‌ಸಾಹೇಬರ ಧ್ವನಿಮುದ್ರಿಕೆಯನ್ನು ಕೇಳಿ, ಹಾಗೆ ಹಾಡಲು ಕಲಿಯಬೇಕೆಂದು ಮನೆಬಿಟ್ಟು ಗುರುವನ್ನರಸಿ ಹೊರಟನು. ಆತನೇ ಭೀಮಸೇನ ಜೋಶಿ.

ಈ ಜನಪ್ರಿಯತೆಗೆ ಟೀಕೆಯೂ ಜೊತೆಗೂಡಿತ್ತು. ಲಯಕಾರಿಗೆ ಅವರು ಸಾಕಷ್ಟು ಗಮನ ಕೊಡಲಿಲ್ಲ, ಬಂದಿಶಿನ ಸಾಹಿತ್ಯ ಸ್ಪಷ್ಟವಾಗಿ ಕೇಳಿಸದು, ಕರುಣರಸವೊಂದೇ ಎಲ್ಲ ರಾಗಗಳನ್ನೂ ಆವರಿಸುತ್ತದೆ ಎಂದು ಇತರ ಘರಾಣೆಗಳ ರಸಿಕರು ಆಕ್ಷೇಪಿಸಿದರು. ಈ ಆಕ್ಷೇಪಗಳಲ್ಲಿ ಹುರುಳಿಲ್ಲದಿಲ್ಲ. ಸ್ವರದ ಮಾಧುರ್ಯವನ್ನೇ ಕೇಂದ್ರವಾಗಿಸಿಕೊಂಡ ಶೈಲಿಯು ತಾಳ ಮತ್ತು ಶಬ್ದದ ಕೆಲವು ಸೊಗಸುಗಳನ್ನು ಹಿಂದಕ್ಕೆ ಬಿಟ್ಟಿತು. ಆದರೆ ಆ ಆಯ್ಕೆಯನ್ನು ಜನರ ಮೆಚ್ಚುಗೆಗಾಗಿ ಮಾಡಿದ ಅಗ್ಗದ ಹೊಂದಾಣಿಕೆಯೆಂದು ಕರೆಯಲಾಗದು. ವಿಲಂಬಿತ ಲಯವು ಜನರನ್ನು ಬೇಸರಪಡಿಸುತ್ತದೆಂಬುದು ಸಾಮಾನ್ಯ ಎಣಿಕೆ. ಖಾನ್‌ಸಾಹೇಬರು ಅದನ್ನೇ ಹಿಡಿದು ಜನರನ್ನು ಗೆದ್ದರು. ವೇದಿಕೆ, ಶಾಲೆ, ಯಂತ್ರ, ಪ್ರಕಾರ, ಪ್ರದೇಶ ಇವೆಲ್ಲವನ್ನೂ ಬದಲಿಸಿಕೊಳ್ಳಲು ಅವರು ಸಿದ್ಧರಿದ್ದರು; ಶ್ರುತಿಶುದ್ಧಿ ಮತ್ತು ನಿಧಾನ ಇವೆರಡರ ವಿಷಯದಲ್ಲಿ ಮಾತ್ರ ಕೊನೆಯವರೆಗೂ ಬಾಗಲಿಲ್ಲ.

1937ರಲ್ಲಿ ಅವರು ಮದರಾಸಿನಲ್ಲಿ ಕಚೇರಿಗಳನ್ನು ನಡೆಸಿ, ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಹಾಡಲೆಂದು ರೈಲು ಹತ್ತಿದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಶಿಷ್ಯರು ಅವರನ್ನು ಇಳಿಸಿ ಹಾಸಿಗೆ ಹಾಸಿದರು. ತಂಬೂರಿಯನ್ನು ಶ್ರುತಿಗೂಡಿಸಿ, ದರಬಾರಿ ರಾಗದಲ್ಲಿ ಪ್ರಾರ್ಥನೆಯನ್ನು ಹಾಡುತ್ತ ಅವರು ಕೊನೆಯುಸಿರೆಳೆದರೆಂದು ಅವರ ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಅಂದು ಅಕ್ಟೋಬರ್ 27. ದೇಹವನ್ನು ಮಿರಜಕ್ಕೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಸಮಾಧಿ ಮಾಡಲಾಯಿತು. ಆ ದರ್ಗಾದ ಉರುಸಿನಲ್ಲಿ ಪ್ರತಿವರ್ಷವೂ ಅವರ ನೆನಪಿಗಾಗಿ ಗಾಯಕ ವಾದಕರು ಸೇವೆ ಸಲ್ಲಿಸುವ ಪದ್ಧತಿ ಬೆಳೆದುಬಂದಿದೆ. ಅಲ್ಲಿ ಟಿಕೀಟೂ ಇಲ್ಲ, ಆಸನಗಳ ಶ್ರೇಣಿಯೂ ಇಲ್ಲ.

ಖಾನ್‌ಸಾಹೇಬರ ನಂತರ ಕಿರಾನಾ ಪರಂಪರೆಯು ಅನೇಕ ಕವಲುಗಳಾಗಿ ಹರಿಯಿತು. ತಮ್ಮ ಅಬ್ದುಲ್ ಹಕ್‌ರ ಮಗಳು ರೋಶನಾರಾ ಬೇಗಂ ದೇಶವಿಭಜನೆಯ ನಂತರ ಅದನ್ನು ಪಾಕಿಸ್ತಾನಕ್ಕೆ ಕೊಂಡೊಯ್ದರು. ಸುರೇಶಬಾಬು, ಹೀರಾಬಾಯಿಯವರಿಂದ ಪ್ರಭಾ ಅತ್ರೆಯವರಿಗೆ ಅದು ಬಂದಿತು. ಬಾಲಕೃಷ್ಣಬುವಾ ಕಪಿಲೇಶ್ವರಿಯವರು ಗುರುವಿನ ಚರಿತ್ರೆಯನ್ನು ಮರಾಠಿಯಲ್ಲಿ ವಿಸ್ತಾರವಾಗಿ ಬರೆದರು. ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು, ಫಿರೋಜ್ ದಸ್ತೂರರಿಗೆ ಆ ವಿದ್ಯೆ ಸಂದಿತು. ಕೈರಾನಾದಲ್ಲಿ ಹುಟ್ಟಿದ ಗಾಯನಶೈಲಿಗೆ ಧಾರವಾಡದ ಸೀಮೆಯೇ ತವರೆಂದು ಅನೇಕರು ಭಾವಿಸುವಷ್ಟರಮಟ್ಟಿಗೆ ಕನ್ನಡಿಗರು ಅದನ್ನು ತಮ್ಮದಾಗಿಸಿಕೊಂಡರು. 1953ರಲ್ಲಿ ಗುರುಸ್ಮರಣೆಗಾಗಿ ಭೀಮಸೇನ ಜೋಶಿಯವರು ಮೊದಲಾದವರು ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಸಂಗೀತೋತ್ಸವವು ಮುಂದೆ ಸಾವಿರಾರು ಜನ ಕೂಡಿ ಕೇಳುವ ಮಹಾಮೇಳವಾಗಿ ಬೆಳೆಯಿತು. ಮಹಾರಾಷ್ಟ್ರದಲ್ಲಿ ನೆಲಸಿದ ಕನ್ನಡಿಗರಿಗೆ ಈ ಉತ್ಸವವು ತಮ್ಮ ನಾಡಿಗೂ ತಾವು ಬಾಳುವ ನಾಡಿಗೂ ಇರುವ ಹಳೆಯ ನಂಟನ್ನು ನೆನಪಿಸುತ್ತ ಬಂದಿದೆ.

ಆ ಬಯಲಿನ ಚಪ್ಪರದಲ್ಲಿ ಚಾಪೆಯ ಮೇಲೆ ಕುಳಿತು ಕೇಳುವವನಿಗೆ ಯಾವ ಒಡೆಯನ ಅಪ್ಪಣೆಯೂ ಬೇಕಾಗಿಲ್ಲ. ಯಾವ ಘರಾಣೆಯ ರಕ್ತಸಂಬಂಧವೂ ಬೇಕಾಗಿಲ್ಲ. ಈ ಸ್ಥಿತಿ ಎಂದಿನಿಂದಲೂ ಹೀಗೆಯೇ ಇತ್ತೆಂದು ತೋರುವಷ್ಟು ಸಹಜವಾಗಿದೆ. ಅದು ಸಹಜವಾಗುವ ಮೊದಲು ಒಬ್ಬ ಗಾಯಕನು ಆಸ್ಥಾನವನ್ನು ಕಳೆದುಕೊಂಡು, ರೈಲುಗಾಡಿಗಳಲ್ಲಿ ಆಯುಷ್ಯ ಸವೆಸಿ, ಮನೆಯನ್ನೂ ಮಕ್ಕಳನ್ನೂ ಅಗಲಿ, ಒಂದೊಂದು ಊರಿನ ಒಂದೊಂದು ಕಿವಿಯನ್ನೂ ತನ್ನ ಷಡ್ಜಕ್ಕೆ ಹೊಂದಿಸಬೇಕಾಯಿತು ಎಂಬುದನ್ನು ಸಂಗೀತದ ಅಭ್ಯಾಸಿಗಳು ಮರೆಯಲಾಗದು.